ಗೋಡೆಯಲ್ಲಿ 4.2 ಮೈಕ್ರೋಗ್ರಾಂ ಮೆಥ್ ಸಿಕ್ಕಿದೆ, ಮಗುವನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಆಕ್ಲೆಂಡ್‌ನ ಮೌಂಟ್ ರಾಸ್ಕಿಲ್‌ನಲ್ಲಿ ಮನೆ ಕೊಂಡಿದ್ದೇವೆ. 1960ರ ದಶಕದ ಮರದ ಮನೆ. ಹಿಂದಿನ ಮಾಲೀಕರು ಅದನ್ನು ಬಾಡಿಗೆಗೆ ಕೊಟ್ಟಿದ್ದರು. ಪೂರ್ತಿ ಹಣ ಕಟ್ಟಿ ಕೀಲಿ ಪಡೆದ ಮೇಲೆ, ಇಲ್ಲಿದ್ದವರು ‘ಪಿ’ (ಮೆಥ್, ಅಂದರೆ ಮೆಥಾಂಫೆಟಮಿನ್ ಅನ್ನುವ ಮಾದಕ ವಸ್ತು) ಸೇದುತ್ತಿದ್ದರು ಅಂತ ಪಕ್ಕದ ಮನೆಯವರು ಹೇಳಿದರು. ಗಾಬರಿಯಾಗಿ ಒಂದು ಕಂಪನಿಯಿಂದ ಪರೀಕ್ಷೆ ಮಾಡಿಸಿದೆವು. ಎಂಟು ಕಡೆ ಒರೆಸಿದ್ದನ್ನು ಸೇರಿಸಿ ಒಂದೇ ಸ್ಯಾಂಪಲ್ ಮಾಡಿದ್ದಾರೆ. ಒಟ್ಟು 4.2 ಮೈಕ್ರೋಗ್ರಾಂ ಬಂದಿದೆ. ಮಿತಿ 1.5, ಆದ್ದರಿಂದ ಗೋಡೆಯ ಜಿಬ್ ಬೋರ್ಡ್ (ಜಿಪ್ಸಂ ಹಲಗೆ), ಕಾರ್ಪೆಟ್ ಎಲ್ಲ ಕಿತ್ತು ಹೊಸದು ಹಾಕಬೇಕು, 32,000 ಡಾಲರ್ ಆಗುತ್ತೆ ಅಂತ ಅದೇ ಕಂಪನಿ ಹೇಳುತ್ತಿದೆ. ಮೆಲ್ಬರ್ನ್‌ನಲ್ಲಿರುವ ನಮ್ಮಣ್ಣ ‘ಇಲ್ಲಿ 0.5, ನಿಮ್ಮದು ಎಂಟು ಪಟ್ಟು ಜಾಸ್ತಿ’ ಅಂತಾನೆ. ಆಫೀಸಿನ ಗೆಳೆಯರು ‘15ರವರೆಗೂ ಯೋಚನೆ ಬೇಡ’ ಅಂತಾರೆ. ನಮಗೆ 14 ತಿಂಗಳ ಮಗಳಿದ್ದಾಳೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತೆ. ಅತ್ತೆ ಮಾವ ಗೃಹಪ್ರವೇಶಕ್ಕೆ ಅಂತ ದಾವಣಗೆರೆಯಿಂದ ಟಿಕೆಟ್ ಮಾಡಿಸಿಕೊಂಡಿದ್ದಾರೆ. ನನ್ನ ಹೆಂಡತಿ ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಏನು ಮಾಡೋಣ? ಮನೆ ಮಾರಿಬಿಡೋಣವೇ?

ಉತ್ತರ: ಮನೆ ಮಾರಬೇಡಿ. 32,000 ಡಾಲರ್ ಕೆಲಸಕ್ಕೆ ಸಹಿಯನ್ನೂ ಹಾಕಬೇಡಿ. ಈ ಎರಡು ಮಾತನ್ನು ಮೊದಲು ನಿಮ್ಮ ಹೆಂಡತಿಗೆ ಓದಿ ಹೇಳಿ. ಯಾಕೆ ಅನ್ನುವುದನ್ನು ಆಮೇಲೆ ನಿಧಾನವಾಗಿ ಓದಬಹುದು.

ನಿಮ್ಮ ಕೈಯಲ್ಲಿರುವ ವರದಿಯಲ್ಲೇ ಅರ್ಧ ಉತ್ತರ ಇದೆ. ಎಂಟು ಕಡೆ, ಪ್ರತಿ ಕಡೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕ ಒರೆಸಿದ್ದಾರೆ. ಅಂದರೆ ಒಂದೊಂದೂ 100 ಚದರ ಸೆಂಟಿಮೀಟರ್. ಆ ಎಂಟು ಚೌಕದಲ್ಲಿ ಸಿಕ್ಕಿದ್ದೆಲ್ಲ ಸೇರಿ 4.2 ಮೈಕ್ರೋಗ್ರಾಂ. ಸರಾಸರಿ ತೆಗೆದರೆ ಒಂದು ಚೌಕಕ್ಕೆ ಸುಮಾರು 0.5. ನಿಮಗೆ ಕಂಪನಿ ಹೇಳಿದ 1.5ರ ಮಿತಿ ಇರುವುದು ಒಂದು ಚೌಕಕ್ಕೆ. ಎಂಟರ ಮೊತ್ತವನ್ನು ಒಂದರ ಮಿತಿಯ ಪಕ್ಕ ಇಟ್ಟು ‘ಜಾಸ್ತಿ’ ಅನ್ನುವುದು, ಎಂಟು ಜನರ ತೂಕ ಕೂಡಿಸಿ ಒಬ್ಬನಿಗೆ ಬೊಜ್ಜು ಅಂದ ಹಾಗೆ.

ಇದಕ್ಕೆ ಅವರು ಒಂದು ಉತ್ತರ ಕೊಡುತ್ತಾರೆ. ಆ ಉತ್ತರ ಪೂರ್ತಿ ತಪ್ಪೂ ಅಲ್ಲ. ಏಳು ಚೌಕ ಪೂರ್ತಿ ಶುದ್ಧವಾಗಿದ್ದು, 4.2 ಪೂರ್ತಿ ಒಂದೇ ಕೋಣೆಯದ್ದಾಗಿರಬಹುದಲ್ವಾ? ಆಗಿರಬಹುದು. ಅದಕ್ಕೇ ಇಂಥ ಸೇರಿಸಿದ ಸ್ಯಾಂಪಲ್ಲನ್ನು ಮೊದಲ ಜರಡಿಯಾಗಿ ಮಾತ್ರ ಬಳಸಬೇಕು. ಸಂಶಯ ಬಂದರೆ ಕೋಣೆ ಕೋಣೆಗೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಜರಡಿಯ ಫಲಿತಾಂಶ ನೋಡಿ ಯಾರೂ ಗೋಡೆ ಒಡೆಯಬಾರದು. ಇನ್ನೊಂದು ಮಾತು ಗಮನಿಸಿ. ಆ ಎಂಟು ಚೌಕಗಳ ಮಟ್ಟಿಗೆ ಅತಿ ಕೆಟ್ಟ ಲೆಕ್ಕ ಹಿಡಿದರೂ ಯಾವ ಚೌಕದಲ್ಲೂ 4.2ಕ್ಕಿಂತ ಜಾಸ್ತಿ ಇರಲು ಸಾಧ್ಯವಿಲ್ಲ.

ಹಾಗಾದರೆ 0.5, 1.5, 15, ಇವುಗಳಲ್ಲಿ ಯಾವುದು ಸರಿ? ಮೂರೂ ನಿಜವಾದ ಅಂಕಿಗಳೇ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಈ ದೇಶದಲ್ಲಿ ಸಾವಿರಾರು ಜನ ಕಷ್ಟಪಟ್ಟಿದ್ದು ಯಾವ ಅಂಕಿ ಯಾವ ಪ್ರಶ್ನೆಗೆ ಅಂತ ಕೇಳದೇ ಹೋದದ್ದರಿಂದ. ಅದಕ್ಕೆ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲು ಗೋಡೆಗೆ ಮೆಥ್ ಹೇಗೆ ಬರುತ್ತದೆ ಅನ್ನುವುದು. ನಮ್ಮ ಅಡುಗೆಮನೆಯನ್ನೇ ನೋಡಿ. ದಿನಾ ಒಗ್ಗರಣೆ ಹಾಕುವ ಮನೆಯಲ್ಲಿ, ಒಲೆಯಿಂದ ದೂರ ಇರುವ ಕಪಾಟಿನ ನೆತ್ತಿಯ ಮೇಲೂ ಬೆರಳಿಟ್ಟರೆ ಅಂಟು. ಎಣ್ಣೆ ಆವಿಯಾಗಿ ಮೇಲೇರಿ, ತಣ್ಣಗಿನ ಜಾಗ ಸಿಕ್ಕಲ್ಲಿ ಕೂರುತ್ತದೆ. ಮೆಥ್ ಸೇದಿದಾಗಲೂ ಹಾಗೆಯೇ. ಹೊಗೆಯಲ್ಲಿರುವ ಮೆಥ್ ಗೋಡೆ, ಸೂರು, ಪರದೆ, ಕಾರ್ಪೆಟ್ ಮೇಲೆ ಕೂರುತ್ತದೆ. ಸ್ವಲ್ಪ ಬಣ್ಣದೊಳಗೂ, ಜಿಬ್ ಬೋರ್ಡ್ ಒಳಗೂ ಇಳಿಯುತ್ತದೆ. ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಲ್ಯಾಬಿನ ಯಂತ್ರಗಳು ಎಷ್ಟು ಸೂಕ್ಷ್ಮ ಅಂದರೆ, ಒಂದು ಮೈಕ್ರೋಗ್ರಾಮಿನ ಸಣ್ಣ ಪಾಲನ್ನೂ ಹಿಡಿದು ತೋರಿಸುತ್ತವೆ. ಒಂದು ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಹಾಗಾಗಿ ‘ಸಿಕ್ಕಿದೆ’ ಅನ್ನುವುದು ದೊಡ್ಡ ವಿಷಯವಲ್ಲ. ಎಷ್ಟು, ಎಲ್ಲಿ, ಅದು ಮೈಗೆ ಹೋಗುವುದೆಷ್ಟು, ಇವು ವಿಷಯ.

ಮೆಥ್ ತಯಾರಿಸಿದ ಮನೆಯ ಕಥೆ ಬೇರೆ. ಅಲ್ಲಿ ಮೆಥ್ ಒಂದೇ ಇರುವುದಿಲ್ಲ. ಆಮ್ಲಗಳು, ದ್ರಾವಕಗಳು, ಅಯೋಡಿನ್, ಕೆಲವು ಕಡೆ ಲೋಹದ ಅಂಶಗಳು ನೆಲಕ್ಕೆ, ಚರಂಡಿಗೆ, ಮಣ್ಣಿಗೆ ಸೇರಿರುತ್ತವೆ. 2010ರಲ್ಲಿ ನ್ಯೂಜಿಲೆಂಡಿನ ಆರೋಗ್ಯ ಸಚಿವಾಲಯ 0.5 ಅಂತ ಬರೆದದ್ದು ಇಂಥ ಮನೆಗಳಿಗೆ. ಮೆಥ್ ಅಷ್ಟು ಕಡಿಮೆಯಾಗುವವರೆಗೂ ತೊಳೆದರೆ ಉಳಿದ ವಿಷಗಳೂ ಹೋಗಿರುತ್ತವೆ ಅನ್ನುವ ಅಂದಾಜು ಅದರ ಹಿಂದೆ ಇತ್ತು. ನಿಮ್ಮಣ್ಣ ಹೇಳಿದ ಆಸ್ಟ್ರೇಲಿಯಾದ 0.5 ಕೂಡ 2011ರಲ್ಲಿ ಕಳ್ಳ ಲ್ಯಾಬ್‌ಗಳಿಗಾಗಿ ಬರೆದ ಮಾರ್ಗಸೂಚಿಯದ್ದೇ. ಅಲ್ಲೂ ಅದನ್ನು ‘ಇದನ್ನು ದಾಟಿದರೆ ಮುಂದಿನ ತನಿಖೆ ಮಾಡಿ’ ಅನ್ನುವ ಮಟ್ಟವಾಗಿಯೇ ಇಟ್ಟಿದ್ದಾರೆ. ಅಣ್ಣ ಸುಳ್ಳು ಹೇಳಿಲ್ಲ. ಅವರು ಹೇಳಿದ ಅಂಕಿ ನಿಮ್ಮ ಮನೆಯಂಥ ಮನೆಗೆ ಬರೆದದ್ದಲ್ಲ, ಅಷ್ಟೇ.

1.5ರ ಹಿಂದೆ ಆರೋಗ್ಯದ ಲೆಕ್ಕವೇ ಇದೆ. ಆ ಲೆಕ್ಕ ಬಂದದ್ದು 2009ರಲ್ಲಿ ಕ್ಯಾಲಿಫೋರ್ನಿಯಾದಿಂದ. ಅದನ್ನು ಮಾಡಿದ ರೀತಿ ತಿಳಿದರೆ ಭಯ ಅರ್ಧ ಇಳಿಯುತ್ತದೆ. 1960ರ ಸುಮಾರಿಗೆ, ಗರ್ಭಿಣಿಯರ ತೂಕ ಅತಿಯಾಗಿ ಏರಬಾರದು ಅಂತ ಮೆಥಾಂಫೆಟಮಿನ್ ಮಾತ್ರೆ ಕೊಟ್ಟು ಮಾಡಿದ ಒಂದು ಹಳೆಯ ಅಧ್ಯಯನವಿತ್ತು. ಇಂದು ಯಾರೂ ಹಾಗೆ ಮಾಡುವುದಿಲ್ಲ. ಅದರಲ್ಲಿ ಪರಿಣಾಮ ಕಂಡ ಅತಿ ಕಡಿಮೆ ಪ್ರಮಾಣವನ್ನು ತೆಗೆದುಕೊಂಡು, ಜಾಗ್ರತೆಗಾಗಿ 300ರಿಂದ ಭಾಗಿಸಿದರು. ಬಂದದ್ದು ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.3 ಮೈಕ್ರೋಗ್ರಾಂ. ನೆಲದ ಮೇಲೆ ಓಡಾಡಿ ಕೈ ಬಾಯಿಗೆ ಹಾಕುವ ಒಂದೆರಡು ವರ್ಷದ ಮಗು ಕೂಡ ಅದನ್ನು ದಾಟಬಾರದು ಅಂತ ಲೆಕ್ಕ ಹಾಕಿ 1.5ಕ್ಕೆ ಬಂದರು. ಅಂದರೆ ನಿಮ್ಮ ಮಗಳ ವಯಸ್ಸಿನ ಮಗುವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಲೆಕ್ಕ ಅದು. 1.5 ದಾಟಿದ ತಕ್ಷಣ ಕಾಯಿಲೆ ಬರುತ್ತದೆ ಅಂತ ಅರ್ಥವಲ್ಲ. 300 ಪಟ್ಟು ಬಿಟ್ಟ ಜಾಗದೊಳಗೆ ಒಂದು ಹೆಜ್ಜೆ ಇಟ್ಟಂತೆ. ನಿಮ್ಮ ಮನೆಯ ಸರಾಸರಿ ಆ ಹೆಜ್ಜೆಯನ್ನೂ ಇಟ್ಟಿಲ್ಲ.

2017ರಲ್ಲಿ ನ್ಯೂಜಿಲೆಂಡ್ ಮನೆಗಳ ಮೆಥ್ ಪರೀಕ್ಷೆಗೆ, ಶುದ್ಧಿಗೆ ಎನ್‌ಝಡ್‌ಎಸ್ 8510 ಅನ್ನುವ ಮಾನದಂಡ ತಂದಿತು. ಜನ ಓಡಾಡುವ ಜಾಗಗಳಿಗೆ 1.5, ಸೂರಿನ ಮೇಲಿನ ಅಟ್ಟದಂಥ ಅಪರೂಪಕ್ಕೆ ಹೋಗುವ ಜಾಗಗಳಿಗೆ 3.8 ಅಂತ ಇಟ್ಟಿತು. ತಯಾರಿಸಿದ ಮನೆ, ಸೇದಿದ ಮನೆ ಅಂತ ಭೇದ ಮಾಡಲಿಲ್ಲ. ಪರೀಕ್ಷೆ ಮಾಡುವವರೂ ತೊಳೆಯುವವರೂ ಹಿಡಿದುಕೊಂಡಿದ್ದು ಆ ಪುಸ್ತಕವನ್ನು.

ಮರುವರ್ಷ, 2018ರ ಮೇ 29ರಂದು, ಆಗ ಪ್ರಧಾನಿಯವರ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಸರ್ ಪೀಟರ್ ಗ್ಲಕ್‌ಮನ್ ಅವರ ವರದಿ ಬಂತು. ಸೇದಿದ ಹೊಗೆ ಕೂತ ಮನೆಯಲ್ಲಿ ಆಮೇಲೆ ವಾಸ ಮಾಡಿದ್ದರಿಂದ ಯಾರಿಗಾದರೂ ಹಾನಿಯಾಗಿದೆ ಅನ್ನುವುದಕ್ಕೆ ವೈದ್ಯಕೀಯ ಸಾಹಿತ್ಯದಲ್ಲಿ ಪುರಾವೆ ಸಿಗಲಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳಿತು. 15 ಅನ್ನುವ ಅಂಕಿ ಬಂದದ್ದು ಅಲ್ಲಿಂದ. ಸೇದಿದ ಮನೆಯಲ್ಲಿ 100 ಚದರ ಸೆಂಟಿಮೀಟರಿಗೆ 15 ಇದ್ದರೂ ಆರೋಗ್ಯಕ್ಕೆ ತೊಂದರೆಯಾಗುವ ಸಂಭವ ತುಂಬಾ ಕಡಿಮೆ, ತಯಾರಿಕೆಯ ಸಂಶಯ ಇಲ್ಲದಿದ್ದರೆ ಪರೀಕ್ಷೆಯೇ ಬೇಕಿಲ್ಲ ಅಂತ ಸಲಹೆ ಕೊಟ್ಟಿತು. 30 ದಾಟಿದರೆ ಅಲ್ಲಿ ತಯಾರಿಕೆ ನಡೆದಿರಬಹುದು, ಇಲ್ಲವೇ ಅತಿಯಾಗಿ ಸೇದಿರಬಹುದು ಅಂತ ನೋಡುತ್ತಾರೆ. ನಿಮ್ಮ ಗೆಳೆಯರು ಹೇಳಿದ್ದು ಈ 15ನ್ನು. 2022ರ ಕೊನೆಯಲ್ಲಿ ಸರ್ಕಾರ ಬಾಡಿಗೆ ಮನೆಗಳ ನಿಯಮಕ್ಕಾಗಿ ಜನರ ಅಭಿಪ್ರಾಯ ಕೇಳಿದಾಗಲೂ ಇದೇ 15 ಮತ್ತು 30ನ್ನು ಮುಂದಿಟ್ಟಿತ್ತು.

ಆ ವರದಿ ಬರುವ ಮುಂಚಿನ ವರ್ಷಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸರ್ಕಾರಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಹೌಸಿಂಗ್ ನ್ಯೂಜಿಲೆಂಡ್ ಸಂಸ್ಥೆ, ತಯಾರಿಕೆಯ ಮನೆಗೆ ಬರೆದ ಅಂಕಿಯನ್ನು ಎಲ್ಲ ಮನೆಗೂ ಹಚ್ಚಿತು. ಪರೀಕ್ಷೆಗೆ, ಸ್ವಚ್ಛತೆಗೆ 12 ಕೋಟಿ ಡಾಲರ್‌ನಷ್ಟು ಖರ್ಚಾಯಿತು. ಸುಮಾರು 800 ಬಾಡಿಗೆದಾರರು ಮನೆ ಕಳೆದುಕೊಂಡರು, ಇಲ್ಲವೇ ಸಾಮಾನು ಕಳೆದುಕೊಂಡರು, ಕೆಲವರು ಎರಡನ್ನೂ. 2018ರಲ್ಲಿ ಸಂಸ್ಥೆ ಕ್ಷಮೆ ಕೇಳಿ ಪರಿಹಾರ ಕೊಡಲು ಒಪ್ಪಿಕೊಂಡಿತು.

ಆ ಕಾಲದಲ್ಲಿ ನಾನು ಇಂಥ ಸ್ಯಾಂಪಲ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೆ. ಒಂದು ವರದಿಗೆ ಸಹಿ ಹಾಕಿದ್ದು ಇವತ್ತಿಗೂ ನೆನಪಿದೆ. 0.9. ಅಂಕಿ ಸರಿಯಾಗಿಯೇ ಇತ್ತು, ಯಂತ್ರ ಸರಿಯಾಗಿಯೇ ಓದಿತ್ತು. ಕೆಲವು ತಿಂಗಳ ನಂತರ, ಸ್ವಾಬ್ (ಗೋಡೆ ಒರೆಸಿದ ಬಟ್ಟೆ) ತಂದುಕೊಟ್ಟಿದ್ದ ಹುಡುಗ ಆ ಮನೆಯ ವಿಷಯ ಹೇಳಿದ. ಅಲ್ಲಿ ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದರು. ಮನೆ ಖಾಲಿ ಮಾಡಿಸಿದರು. ಸೋಫಾ, ಹಾಸಿಗೆ, ಮಕ್ಕಳ ಆಟದ ಸಾಮಾನು ಎಲ್ಲ ಕಸದ ಡಬ್ಬಕ್ಕೆ ಹೋಯಿತು. ನಾನು ಬರೆದ ಅಂಕಿ ಸರಿ, ಆದರೆ ಅದರ ಅರ್ಥ ಏನು ಅಂತ ಆ ಅಜ್ಜಿಗೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಯಾರಾದರೂ ಅಂಕಿ ಹಿಡಿದುಕೊಂಡು ಬಂದರೆ, ಅದು ಯಾವ ಪ್ರಶ್ನೆಗೆ ಉತ್ತರ ಅಂತ ಮೊದಲು ಹೇಳುತ್ತೇನೆ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ.

ಈಗ ಇನ್ನೊಂದು ಕಡೆಯ ಮಾತನ್ನೂ ಮುಚ್ಚಿಡದೆ ಹೇಳಬೇಕು. ಎಲ್ಲ ತಜ್ಞರೂ 15ನ್ನು ಒಪ್ಪಿಲ್ಲ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಮನೆಗಳಲ್ಲಿ ವಾಸವಿದ್ದವರ 25 ಪ್ರಕರಣಗಳನ್ನು 2020ರಲ್ಲಿ ಪ್ರಕಟಿಸಿದರು. ಮಕ್ಕಳೂ ಸೇರಿ ಹಲವರ ಕೂದಲಿನಲ್ಲಿ ಮೆಥ್ ಸಿಕ್ಕಿತ್ತು. ನಿದ್ದೆ ಬಾರದಿರುವುದು, ಉಸಿರಾಟದ ತೊಂದರೆ, ಕಣ್ಣು ಚರ್ಮದ ಉರಿ, ಮಕ್ಕಳ ವರ್ತನೆಯಲ್ಲಿ ಬದಲಾವಣೆ, ಇಂಥವನ್ನು ಅವರು ದಾಖಲಿಸಿದ್ದಾರೆ. ಈ ಕೆಲಸವನ್ನು ನಾನು ಗೌರವದಿಂದ ನೋಡುತ್ತೇನೆ. ಮನೆಯ ಗೋಡೆಯಿಂದ ಮೆಥ್ ಮೈಗೆ ಬರುವುದೇ ಇಲ್ಲ ಅಂತ ಇನ್ನು ಯಾರೂ ಹೇಳುವಂತಿಲ್ಲ. ಆದರೆ ತೊಂದರೆ ಇದೆ ಅಂತ ಗೊತ್ತಾಗಿ ಮುಂದೆ ಬಂದ ಕುಟುಂಬಗಳ ಕಥೆಗಳು ಅವು. ಎಲ್ಲ ಮನೆಗಳಲ್ಲೂ ಹಾಗೆಯೇ ಆಗುತ್ತೆ ಅಂತ ಅದರಿಂದ ತೀರ್ಮಾನಿಸಲಾಗದು.

ನನ್ನ ಸ್ವಂತ ನಿಲುವು ಇದು. 15ರವರೆಗೆ ಗೋಡೆ ಕೀಳುವ ಮಾತೇ ಬೇಡ. ಆದರೆ ನೆಲದ ಮೇಲಾಡುವ ಮಗು ಇರುವ ಮನೆಯಲ್ಲಿ 1.5 ದಾಟಿದ ಕೋಣೆ ಸಿಕ್ಕಿದರೆ, ಅದನ್ನು ಚೆನ್ನಾಗಿ ತೊಳೆಯಿರಿ. ತೊಳೆಯುವುದಕ್ಕೆ ಖರ್ಚು ಕಡಿಮೆ, ನಷ್ಟ ಏನೂ ಇಲ್ಲ. ಮನಸ್ಸಿಗೂ ಸಮಾಧಾನ.

ಪ್ರಮಾಣದ ಅಂದಾಜು ಸಿಗಲಿ ಅಂತ ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದಲ್ಲಿ ಮೆಥಾಂಫೆಟಮಿನ್ ಇಂದಿಗೂ ವೈದ್ಯರು ಬರೆದುಕೊಡುವ ಔಷಧಿ, ಡೆಸಾಕ್ಸಿನ್ ಅನ್ನುವ ಹೆಸರಿನಲ್ಲಿ. ಗಮನ ಕೊರತೆಯ ತೊಂದರೆ ಇರುವ, ಆರು ವರ್ಷ ದಾಟಿದ ಮಕ್ಕಳಿಗೆ 5 ಮಿಲಿಗ್ರಾಮಿನಿಂದ ಶುರು ಮಾಡುತ್ತಾರೆ. ಅಂದರೆ 5,000 ಮೈಕ್ರೋಗ್ರಾಂ. ಗೋಡೆಯ ಮೇಲೆ ನಿಮ್ಮ ಸರಾಸರಿಯಂತೆ 0.5 ಇದ್ದರೆ, ಅಂಥ ಒಂದು ಮಾತ್ರೆಯಷ್ಟು ಮೆಥ್ ಕೂಡಿಸಲು ನೂರು ಚದರ ಮೀಟರ್ ಗೋಡೆಯನ್ನು ಒಂದು ಚೂರೂ ಬಿಡದೆ ಕೆರೆದು ತೆಗೆಯಬೇಕು. 15 ಇದ್ದ ಗೋಡೆಯಾದರೂ ಮೂರು ಚದರ ಮೀಟರಿಗಿಂತ ಜಾಸ್ತಿ ಬೇಕು. ಇದರಿಂದ ಎಳೆಮಕ್ಕಳಿಗೆ ಮೆಥ್ ಪರವಾಗಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ವೈದ್ಯರ ಕಣ್ಣಿನಡಿ ನುಂಗುವ ಮಾತ್ರೆ ಬೇರೆ, ವರ್ಷಗಟ್ಟಲೆ ಗೊತ್ತಿಲ್ಲದೆ ತಾಗುವುದು ಬೇರೆ. ನಾನು ತೋರಿಸುತ್ತಿರುವುದು ಪ್ರಮಾಣವನ್ನು ಮಾತ್ರ. ಇನ್ನೊಂದು ವಿಷಯ. ನಾವು ಒರೆಸುವುದು ಮೆಥನಾಲ್‌ನಂಥ ದ್ರಾವಕದಲ್ಲಿ ನೆನೆಸಿದ ಬಟ್ಟೆಯಲ್ಲಿ. ಅದು ಬಣ್ಣದ ಮೇಲ್ಪದರದೊಳಗಿನದನ್ನೂ ಎಳೆದು ತರುತ್ತದೆ. ಮಗುವಿನ ಅಂಗೈಗೆ ಅಷ್ಟು ಅಂಟುವುದಿಲ್ಲ.

ಸರಿ, ಮಾಡಬೇಕಾದ್ದೇನು? ಮೊದಲು ಮರುಪರೀಕ್ಷೆ, ಬೇರೆಯವರಿಂದ. ಪರೀಕ್ಷೆ ಮಾಡುವವರು, ತೊಳೆಯುವವರು, ಕಿತ್ತು ಕಟ್ಟುವವರು ಒಬ್ಬರೇ ಆಗಿರಬಾರದು. ರೋಗ ಇದೆ ಅಂದರೆ ಮಾತ್ರ ತನಗೆ ಸಂಪಾದನೆ ಅನ್ನುವವರ ಕೈಗೆ ಪರೀಕ್ಷೆ ಕೊಡಬಾರದು. ಆ ಕಂಪನಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆ ಏರ್ಪಾಡೇ ಸರಿಯಿಲ್ಲ.

ಹೊಸಬರನ್ನು ಕರೆಯುವ ಮುಂಚೆ ಫೋನಿನಲ್ಲೇ ಕೇಳಿ. ಪ್ರತಿ ಕೋಣೆಯ ಸ್ವಾಬ್ ಬೇರೆ ಬೇರೆ ಬಾಟಲಿಗೆ ಹೋಗುತ್ತದೆಯೇ? ಬೇರೆ ಬೇರೆ ಅಂಕಿ ಬರುತ್ತದೆಯೇ? ಒರೆಸುವ ಜಾಗ ಅಳೆದು, ಫೋಟೋ ತೆಗೆದು ಕೊಡುತ್ತಾರೆಯೇ? ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಐಎಎನ್‌ಝಡ್ ಸಂಸ್ಥೆಯ ಮಾನ್ಯತೆ ಲ್ಯಾಬಿಗೆ ಇದೆಯೇ? ಲ್ಯಾಬಿನ ಮೂಲ ವರದಿಯನ್ನೇ ಕೊಡುತ್ತಾರೆಯೇ, ಇಲ್ಲ ಅದರ ಸಾರಾಂಶವನ್ನು ಕೆಂಪು ಬಣ್ಣ ಹಚ್ಚಿ ಕೊಡುತ್ತಾರೆಯೇ? ಕೊನೆಯದ್ದು ಮುಖ್ಯ. ಕೆಂಪು ಬಣ್ಣದ ಡಬ್ಬಿಯಲ್ಲಿ ‘ಪಾಸಿಟಿವ್’ ಅಂತ ಬರೆದ ಪುಟ ನೋಡಿಯೇ ಎಷ್ಟೋ ಜನರ ನಿದ್ದೆ ಹೋಗಿದೆ. ಮೂಲ ವರದಿಯಲ್ಲಿ ಬರೀ ಅಂಕಿ, ಅಳತೆ ಇರುತ್ತದೆ. ಅಂಗಡಿಯಲ್ಲಿ ಸಿಗುವ ಕಿಟ್ ತಂದು ನೀವೇ ನೋಡಬೇಡಿ. ಅದು ಇದೆ ಅಥವಾ ಇಲ್ಲ ಅನ್ನುತ್ತೆ, ನಿಮಗೆ ಬೇಕಾಗಿರುವುದು ಎಷ್ಟು ಅನ್ನುವುದು.

ಎಲ್ಲಿ ಒರೆಸಬೇಕು ಅನ್ನುವುದೂ ಗೊತ್ತಿರಲಿ. ಮಲಗುವ ಕೋಣೆಗಳು, ಬಾತ್‌ರೂಮ್, ಗ್ಯಾರೇಜ್, ನಡುಮನೆ. ಕೈಗೆಟುಕುವ ಗೋಡೆ ಮಾತ್ರ ಅಲ್ಲ, ಬಾಗಿಲ ಮೇಲ್ಚೌಕಟ್ಟು, ಸೂರು ಕೂಡ. ಮಾರುವ ಮುಂಚೆ ಗೋಡೆ ಒರೆಸಿದ್ದರೂ ಅಲ್ಲಿಗೆ ಯಾರೂ ಹೋಗಿರುವುದಿಲ್ಲ. ಮಗಳು ಆಡುವ ಕೋಣೆಯ ಕೆಳಭಾಗದ ಗೋಡೆ, ಕಿಟಕಿಯ ಅಂಚು, ಅವಳ ಕೈ ತಾಗುವ ಎತ್ತರದಲ್ಲಿ ಒಂದೊಂದು ಸ್ಯಾಂಪಲ್ ಬೇಕು. ಒಲೆಯ ಮೇಲೆ ಹೊಗೆ ಎಳೆಯುವ ರೇಂಜ್‌ಹುಡ್, ಕೋಣೆ ಬೆಚ್ಚಗಿಡುವ ಹೀಟ್ ಪಂಪಿನ ಜಾಲರಿ ಒರೆಸಿ ಬಂದ ಅಂಕಿಯನ್ನು ಇಡೀ ಮನೆಗೆ ಹಿಡಿಯಲು ಬಿಡಬೇಡಿ. ಅಲ್ಲಿ ವರ್ಷಗಳ ಗಾಳಿ ಹಾದು ಹೋಗಿ ಎಲ್ಲವೂ ಶೇಖರವಾಗಿರುತ್ತದೆ. ಮಾರುವ ಮುಂಚೆ ಹೊಸ ಬಣ್ಣ ಬಳಿದಿದ್ದರೆ ಅದನ್ನೂ ಪರೀಕ್ಷಕರಿಗೆ ಹೇಳಿ, ಯಾಕೆಂದರೆ ಕೆಳಗಿರುವುದು ಬಣ್ಣದಡಿ ಅಡಗಿರಬಹುದು.

ಜೊತೆಗೆ, ಅಲ್ಲಿ ತಯಾರಿಕೆ ನಡೆದಿಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಕೌನ್ಸಿಲ್‌ನಿಂದ ಪಡೆದ ಲಿಮ್ ರಿಪೋರ್ಟನ್ನು (ಆಸ್ತಿಯ ಬಗ್ಗೆ ಕೌನ್ಸಿಲ್‌ಗೆ ಗೊತ್ತಿರುವ ವಿವರಗಳ ವರದಿ) ಮತ್ತೊಮ್ಮೆ ಓದಿ. ಪಕ್ಕದ ಮನೆಯವರನ್ನು ಇನ್ನೊಮ್ಮೆ ಮಾತಾಡಿಸಿ, ಪೊಲೀಸರು ಬಂದಿದ್ದರೇ, ವಿಚಿತ್ರ ವಾಸನೆ ಬರುತ್ತಿತ್ತೇ ಅಂತ ಕೇಳಿ. ಸಿಂಕಿನಲ್ಲಿ, ಗೋಡೆಯಲ್ಲಿ, ಗ್ಯಾರೇಜಿನ ನೆಲದಲ್ಲಿ ಹಳದಿ ಕಂದು ಕಲೆಗಳು, ಸುಟ್ಟ ಗುರುತು, ಹಿತ್ತಲಲ್ಲಿ ಹುಲ್ಲೇ ಬೆಳೆಯದ ತೇಪೆ ಇವೆಯೇ ನೋಡಿ. ಇವುಗಳಲ್ಲಿ ಯಾವುದಾದರೂ ಕಂಡರೆ, ಅಥವಾ ಒಂದೇ ಒಂದು ಕೋಣೆಯಲ್ಲಿ 30 ದಾಟಿದರೆ, ನಾನು ಈವರೆಗೆ ಹೇಳಿದ ಸಮಾಧಾನದ ಮಾತುಗಳು ಅನ್ವಯಿಸುವುದಿಲ್ಲ. ಆಗ ಮಗುವನ್ನು ಕರೆದುಕೊಂಡು ಹೋಗಬೇಡಿ. ಕೌನ್ಸಿಲ್‌ಗೆ ತಿಳಿಸಿ, ಎನ್‌ಝಡ್‌ಎಸ್ 8510 ಪ್ರಕಾರ 1.5ರವರೆಗೆ ಪೂರ್ತಿ ಶುದ್ಧಿ ಮಾಡಿಸಿ. ನೀವು ಬರೆದದ್ದನ್ನು ನೋಡಿದರೆ ನಿಮ್ಮದು ಅಂಥ ಮನೆ ಅನ್ನಿಸುವುದಿಲ್ಲ. ಆದರೂ ಒಂದು ಮಧ್ಯಾಹ್ನ ಕೊಟ್ಟು ನೋಡಿಬಿಡಿ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸಿದ ವಿಷಯ. ಅದು ಮೆಥ್ ಅಲ್ಲ. ನಿಮ್ಮದು 1960ರ ದಶಕದ ಮನೆ. ಆ ಕಾಲದ ನ್ಯೂಜಿಲೆಂಡ್ ಮನೆಗಳ ಸೂರಿನ ಉಬ್ಬುತಗ್ಗು ಲೇಪದಲ್ಲಿ, ಹಳೆಯ ವಿನೈಲ್ ನೆಲಹಾಸಿನ ಅಡಿಯಲ್ಲಿ, ಕೆಲವು ಗೋಡೆ ಹಲಗೆಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಹಳೆಯ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಮುಟ್ಟದೆ ಬಿಟ್ಟರೆ ಇವು ಹೆಚ್ಚಾಗಿ ತಣ್ಣಗೆ ಇರುತ್ತವೆ. ಜಿಬ್ ಬೋರ್ಡ್ ಕಿತ್ತು, ಸೂರು ಒಡೆದು, ಬಣ್ಣ ಉಜ್ಜಿದರೆ ಧೂಳಾಗಿ ಏಳುತ್ತವೆ. ಸೀಸ ಎಳೆಮಕ್ಕಳ ಮೆದುಳಿಗೆ ಮಾಡುವ ಹಾನಿಯ ಬಗ್ಗೆ, ಆಸ್ಬೆಸ್ಟಾಸ್ ಶ್ವಾಸಕೋಶಕ್ಕೆ ಮಾಡುವ ಹಾನಿಯ ಬಗ್ಗೆ ಯಾವ ವಿಜ್ಞಾನಿಗೂ ಸಂಶಯವಿಲ್ಲ. ಪುರಾವೆ ಗಟ್ಟಿಯಿಲ್ಲದ ಅಪಾಯಕ್ಕೆ ಹೆದರಿ ಪುರಾವೆ ಇರುವ ಎರಡು ವಿಷಗಳನ್ನು ಮನೆಯೊಳಗೆ ಎಬ್ಬಿಸಬೇಡಿ. ಮುಂದೆ ಯಾವ ರಿಪೇರಿಗೆ ಕೈ ಹಾಕಿದರೂ ಮೊದಲು ಆಸ್ಬೆಸ್ಟಾಸ್ ಪರೀಕ್ಷೆ ಮಾಡಿಸಿ.

ತೊಳೆಯುವ ಕೆಲಸ ನಿಮ್ಮಿಂದಲೇ ಆಗುತ್ತದೆ. ಮಗಳನ್ನು ಆ ದಿನಗಳಲ್ಲಿ ಬೇರೆ ಕಡೆ ಇರಿಸಿ. ಬಣ್ಣ ಹಚ್ಚುವ ಮುಂಚೆ ಗೋಡೆ ತೊಳೆಯಲು ಇಲ್ಲಿ ಎಲ್ಲರೂ ಬಳಸುವ ಶುಗರ್ ಸೋಪ್ ತನ್ನಿ. ಕೈಗವಸು ಹಾಕಿಕೊಂಡು, ಕಿಟಕಿ ಎಲ್ಲ ತೆರೆದು, ಮೊದಲು ಸೂರು, ಆಮೇಲೆ ಗೋಡೆ, ಕೊನೆಗೆ ನೆಲ. ಸೂರಿಗೆ ಉಬ್ಬುತಗ್ಗು ಲೇಪ ಇದ್ದರೆ ಅದನ್ನು ಉಜ್ಜಬೇಡಿ. ಬಕೆಟ್ ನೀರು ಬೇಗ ಬೇಗ ಬದಲಿಸಿ, ಇಲ್ಲದಿದ್ದರೆ ತೆಗೆದದ್ದನ್ನೇ ಮತ್ತೆ ಬಳಿದಂತಾಗುತ್ತದೆ. ಹೀಗೆ ಎರಡು ಮೂರು ಸಲ. ಪ್ರತಿ ಸಲವೂ ಶುದ್ಧ ನೀರಲ್ಲಿ ಒರೆಸಿ ಒಣಗಲು ಬಿಡಿ. ಪರದೆ ಬದಲಿಸಿ. ಕಾರ್ಪೆಟ್ ಹಳೆಯದಾಗಿದ್ದರೆ ತೆಗೆಸಿಬಿಡಿ, ಮೆಥ್‌ಗಿಂತ ಜಾಸ್ತಿ ಅದರಲ್ಲಿರುವ ಧೂಳು, ಬೂಷ್ಟಿನ ಕಾರಣಕ್ಕೆ. ಹೊಸ ಬಣ್ಣ ಬೇಕಿದ್ದರೆ ತೊಳೆದ ಮೇಲೆ ಬಳಿಯಿರಿ, ತೊಳೆಯದೆ ಬಳಿಯಬೇಡಿ. ಮಗಳು ಬಂದ ಮೇಲೆ ಊಟಕ್ಕೆ ಮುಂಚೆ ಕೈ ತೊಳೆಸುವುದು, ಆಟಿಕೆಗಳನ್ನು ಒರೆಸುವುದು, ದಿನಾ ನೆಲ ಒರೆಸುವುದು, ಇಷ್ಟು ಸಾಕು. ಇದನ್ನು ನಮ್ಮ ಮನೆಗಳಲ್ಲಿ ಹೇಗೂ ಮಾಡುತ್ತೇವೆ.

ಉಳಿಯುವ ಹಣದಲ್ಲಿ ಒಂದು ಪಾಲನ್ನು ಸೂರಿನ ಮೇಲಿನ ಮತ್ತು ನೆಲದಡಿಯ ಇನ್ಸುಲೇಷನ್‌ಗೆ, ಒಳ್ಳೆಯ ಹೀಟ್ ಪಂಪಿಗೆ ಹಾಕಿ. ಈ ದೇಶದಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವುದು ತಣ್ಣಗಿನ, ತೇವದ, ಬೂಷ್ಟು ಹಿಡಿದ ಮನೆಗಳು. ಮೌಂಟ್ ರಾಸ್ಕಿಲ್‌ನ ಜುಲೈ ತಿಂಗಳ ಚಳಿ ನಿಮ್ಮ ಮಗಳ ಎದೆಗೆ ಮಾಡಬಹುದಾದ ತೊಂದರೆ, ಆ 4.2 ಮೈಕ್ರೋಗ್ರಾಮಿಗಿಂತ ತುಂಬಾ ದೊಡ್ಡದು.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ, ನಾನು ವಕೀಲನಲ್ಲ. ಮಾರುವಾಗ ಏಜೆಂಟರಿಗೆ ಅಥವಾ ಮಾಲೀಕರಿಗೆ ವಿಷಯ ಗೊತ್ತಿದ್ದು, ನೀವು ಕೇಳಿದಾಗ ಇಲ್ಲ ಅಂದಿದ್ದರೆ, ನಿಮ್ಮ ಕೊಳ್ಳುವಿಕೆ ನೋಡಿಕೊಂಡ ವಕೀಲರ ಹತ್ತಿರ ಮಾತಾಡಿ. ಏಜೆಂಟರ ಮೇಲಿನ ದೂರನ್ನು ರಿಯಲ್ ಎಸ್ಟೇಟ್ ಅಥಾರಿಟಿ ನೋಡುತ್ತದೆ. ಆ ಅಥಾರಿಟಿ ಏಜೆಂಟರಿಗೆ ಕೊಟ್ಟ ಮಾರ್ಗದರ್ಶನದಲ್ಲಿಯೂ 15ನ್ನೇ ಗೆರೆಯಾಗಿ ಇಟ್ಟಿದೆ. ಅದಕ್ಕಿಂತ ಜಾಸ್ತಿ ಇದ್ದರೆ ತಾನಾಗಿ ಹೇಳಬೇಕು, ಕಡಿಮೆ ಇದ್ದರೂ ಕೊಳ್ಳುವವರು ನೇರವಾಗಿ ಕೇಳಿದರೆ ನಿಜ ಹೇಳಬೇಕು. ನೀವೇ ಮುಂದೊಂದು ದಿನ ಮಾರಿದರೂ ಇದೇ ದಾರಿ ಹಿಡಿಯಿರಿ. ಮರುಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ, ಆಗ ಅದೇ ನಿಮ್ಮ ಕೈ ಹಿಡಿಯುತ್ತದೆ. ಇದನ್ನು ಓದುತ್ತಿರುವ ಬಾಡಿಗೆದಾರರಿಗೂ ಒಂದು ಮಾತು. ಬಾಡಿಗೆ ಮನೆಗಳ ಕಾನೂನಿಗೆ ತಂದ 2019ರ ತಿದ್ದುಪಡಿ ಕಾಯ್ದೆಯ ಪ್ರಕಾರ ಮಾಲೀಕರು ಮೆಥ್ ಪರೀಕ್ಷೆಗೆ ಮನೆಯೊಳಗೆ ಬರುವುದಾದರೆ 48 ಗಂಟೆ ಮುಂಚೆ ತಿಳಿಸಬೇಕು, ಫಲಿತಾಂಶ ಬಂದ ಏಳು ದಿನದೊಳಗೆ ನಿಮಗೆ ಹೇಳಬೇಕು. ಎಂಟು ಸ್ವಾಬ್ ಕೂಡಿಸಿದ ಒಂದು ಅಂಕಿ ತೋರಿಸಿ ಯಾರಾದರೂ ‘ಮನೆ ಬಿಡಿ’ ಅಂದರೆ, ಗಂಟುಮೂಟೆ ಕಟ್ಟುವ ಮುಂಚೆ ಕೋಣೆವಾರು ವರದಿ ಕೇಳಿ.

ಗೃಹಪ್ರವೇಶದ ದಿನ ಮುಂದೂಡಬೇಕಿಲ್ಲ ಅನ್ನಿಸುತ್ತದೆ. ಮೊದಲು ಮರುಪರೀಕ್ಷೆ ಮಾಡಿಸಿ, ವರದಿ ಬಂದ ಮೇಲೆ ತೊಳೆಯಿರಿ. ಕ್ರಮ ಹಿಂದುಮುಂದಾದರೆ ಯಾವ ಕೋಣೆಯಲ್ಲಿ ಎಷ್ಟಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಅತ್ತೆ ಮಾವ ಬರಲಿ. ಕೋಣೆವಾರು ಅಂಕಿಗಳು ಕೈಗೆ ಬಂದಾಗ, ಲ್ಯಾಬಿನ ಮೂಲ ಪುಟವನ್ನೇ ನನಗೆ ಕಳಿಸಿ. ಒಂದೊಂದು ಕೋಣೆಯನ್ನೂ ಜೊತೆಯಲ್ಲಿ ಕೂತು ನೋಡೋಣ.